ಎದುರಾಳಿಯ ಪಡಿಯಚ್ಚು

ಮಂಗಳೂರಿನ ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಕೆಲವೊಮ್ಮೆ ಮೇಣವೂ ಪ್ರಯಾಣ ಮಾಡುತ್ತದೆ. ಅಂಗೈಯೊಳಗೆ ಅಡಗುವ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಪ್ಯಾರಾಫಿನ್ ಮೇಣ, ಮೇಣದೊಳಗೆ ಮನೆಯ ಯಾರದೋ ಶ್ವಾಸಕೋಶದಿಂದ ತೆಗೆದ ಒಂದು ಚೂರು. 'ಬರುವಾಗ ಬ್ಲಾಕ್ ತನ್ನಿ' ಎಂದು ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೇರೆ ದೊಡ್ಡ ಆಸ್ಪತ್ರೆಯಲ್ಲೋ ಹೇಳಿರುತ್ತಾರೆ. ಬ್ಲಾಕಿನ ಜತೆಗೆ ಒಂದು ರಿಪೋರ್ಟು. ರಿಪೋರ್ಟಿನ ಕೊನೆಯಲ್ಲಿ ನಾಲ್ಕೈದು ಸಾಲು, ಅದರಲ್ಲೊಂದು 'ಸಿಡಿ56 ಪಾಸಿಟಿವ್'. ಬ್ಯಾಗಿನೊಳಗೆ ಅದನ್ನು ಇಟ್ಟುಕೊಂಡವರಿಗೆ 'ಪಾಸಿಟಿವ್' ಎಂಬುದು ಅಷ್ಟು ಒಳ್ಳೆಯ ಮಾತಲ್ಲ ಎನ್ನುವುದಷ್ಟೇ ಗೊತ್ತು.

ಸಿಡಿ56 ಎಂದರೆ ನರಕೋಶಗಳನ್ನು ಒಂದಕ್ಕೊಂದು ಅಂಟಿಸುವ ಒಂದು ಪ್ರೋಟೀನು. ಪ್ರಯೋಗಾಲಯದವರು ಎನ್‌ಕ್ಯಾಮ್ ಎನ್ನುತ್ತಾರೆ. ಅದು ಶ್ವಾಸಕೋಶದ ಗಡ್ಡೆಯಲ್ಲಿ ಕಾಣಿಸಿಕೊಂಡರೆ 'ಸ್ಮಾಲ್ ಸೆಲ್' ಎಂಬ ಜಾತಿಯ ಕ್ಯಾನ್ಸರಿನ ಕಡೆಗೆ ವೈದ್ಯರ ಅನುಮಾನ ಹೊರಳುತ್ತದೆ. ಬೀಡಿ ಸಿಗರೇಟು ಸೇದಿದವರನ್ನೇ ಹೆಚ್ಚಾಗಿ ಹಿಡಿಯುವ ಕ್ಯಾನ್ಸರು ಅದು. ಆದರೆ ಆ ಪ್ರೋಟೀನು ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಹುಡುಕಿ ಹಿಡಿದು ತೋರಿಸಲು ಒಂದು ಇಲಿಯ ಮೈಯಲ್ಲಿ ಹುಟ್ಟಿದ ಇನ್ನೊಂದು ಪ್ರೋಟೀನು ಬೇಕು. ಕನ್ನಡ ಪತ್ರಿಕೆಗಳೂ ಶಾಲೆಯ ವಿಜ್ಞಾನ ಪುಸ್ತಕಗಳೂ ಅದನ್ನು 'ಪ್ರತಿಕಾಯ' ಎನ್ನುತ್ತವೆ. ಈ ಲೇಖನ ಆ ಪದದ ಬೆನ್ನು ಹತ್ತಿ ಹೊರಟದ್ದು.

2020ರ ತನಕ ಪ್ರತಿಕಾಯ ಪುಸ್ತಕದ ಮಾತಾಗಿತ್ತು, ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿಯುತ್ತಿರಲಿಲ್ಲ. ಕೊರೊನಾ ಬಂದದ್ದೇ ತಡ, ಅದು ಮುಖಪುಟಕ್ಕೇರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಮೊದಲ ಸೀರೋ ಸಮೀಕ್ಷೆ ನಡೆಸಿ, ರಾಜ್ಯದ ನೂರರಲ್ಲಿ 27 ಮಂದಿಗೆ ಸೋಂಕು ಬಂದುಹೋಗಿದೆ ಅಥವಾ ಆಗ ಇದೆ ಎಂದು ಲೆಕ್ಕ ಕೊಟ್ಟಿತು. ಬಂದುಹೋದದ್ದಕ್ಕೆ ಸಾಕ್ಷಿ ರಕ್ತದಲ್ಲಿ ಸಿಕ್ಕಿದ ಪ್ರತಿಕಾಯ. ಪತ್ರಿಕೆ ಪ್ರತಿಕಾಯ ಎಂದರೂ ಮಂಗಳೂರಿನ ಬಾಯಲ್ಲಿ ಅದು ಇಂಗ್ಲಿಷಿನಲ್ಲೇ ಉಳಿಯಿತು: 'ನಿಮಗೆ ಒಮ್ಮೆ ಬಂದು ಹೋದದ್ದಲ್ವಾ, ಇನ್ನು ಬಾಡಿಯಲ್ಲಿ ಆಂಟಿಬಾಡಿ ಉಂಟು, ಎಂತ ಹೆದರ್ಲಿಕ್ಕಿಲ್ಲ ಮಾರಾಯ್ರೆ.' ಬಾಡಿಯೊಳಗೆ ಇನ್ನೊಂದು ಬಾಡಿ! ಕೇಳುವವರಿಗೆ ಮೈಯೊಳಗೆ ಯಾರೋ ಹೊಕ್ಕು ಕೂತ ಹಾಗೆ ಅನ್ನಿಸಿದರೆ ತಪ್ಪೇನಿಲ್ಲ, ಅದರಲ್ಲೂ ದೈವ ಮೈಮೇಲೆ ಬರುವುದನ್ನು ಕಂಡ ಊರಿನಲ್ಲಿ.

ಆ 'ಬಾಡಿ' ಎಲ್ಲಿಂದ ಬಂತು? ಜರ್ಮನಿಯಿಂದ. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನ ಕಿತಾಸಾತೊ, ಧನುರ್ವಾಯು ಹಾಗೂ ಗಂಟಲಮಾರಿಯ ವಿಷವನ್ನು ಪ್ರಾಣಿಯ ರಕ್ತದ ಸೀರಮ್ಮು ಅಡಗಿಸಬಲ್ಲದು ಎಂದು ತೋರಿಸಿದರು. ಅವರು ಅದನ್ನು ಕರೆದದ್ದು ವಿಷದ ಎದುರಾಳಿ ಎಂಬ ಅರ್ಥದಲ್ಲಿ. ನಮ್ಮಲ್ಲಿ ಅದಕ್ಕೆ 'ಪ್ರತಿವಿಷ' ಸಲ್ಲುತ್ತದೆ. ಹಾವು ಕಚ್ಚಿದವರಿಗೆ ಕೊಡುವ ಔಷಧವೂ ಇದೇ ಸಂತಾನ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ತುಂಬಿದ ಸೀಸೆ ಅದು. ಕರಾವಳಿಯ ಎಷ್ಟೋ ತೋಟದ ಕೆಲಸದವರು ಕುದುರೆಯ ಪ್ರತಿಕಾಯದಿಂದ ಬದುಕಿದ್ದಾರೆ, ಆ ಪದವನ್ನು ಒಮ್ಮೆಯೂ ಕೇಳದೆ.

ಮರುವರ್ಷ, 1891ರಲ್ಲಿ, ಪೌಲ್ ಎರ್ಲಿಖ್ ತನ್ನ ಬರಹವೊಂದರಲ್ಲಿ 'ಆಂಟಿಕ್ಯೋರ್ಪರ್' ಎಂಬ ಪದ ಬಳಸಿದ. ಜರ್ಮನ್ನಿನ ಕ್ಯೋರ್ಪರ್ ಎಂದರೆ ದೇಹ ನಿಜ, ಆದರೆ ರಸಾಯನಶಾಸ್ತ್ರದವರ ಬಾಯಲ್ಲಿ ಅದಕ್ಕೆ ಬರೀ 'ವಸ್ತು' ಎಂದೂ ಅರ್ಥ. ಎರ್ಲಿಖ್ ಹೇಳಿದ್ದು 'ಎದುರು ವಸ್ತು' ಎಂದು. ಇಂಗ್ಲಿಷಿನವರು ಅದನ್ನು ಬಾಡಿ ಮಾಡಿದರು, ನಾವು ಬಾಡಿಯನ್ನು ಕಾಯ ಮಾಡಿದೆವು. ಎರ್ಲಿಖ್ ಪದ ಟಂಕಿಸಿದ ಮೂರು ವರ್ಷಕ್ಕೆ, 1894ರಲ್ಲಿ, ಇನ್ನೊಬ್ಬ ಜರ್ಮನ್ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. ಎರ್ಲಿಖನ ಹೊಸ ಪದ ಆಗಿನ್ನೂ ಮೂರು ವರ್ಷದ ಕೂಸು. ಮಿಶನ್ನಿನ ಅಚ್ಚುಕೂಟವಿದ್ದ ಬಲ್ಮಠದ ಅಚ್ಚಿನ ಮೊಳೆಗಳಿಗೆ ಅದರ ಗುರುತು ಸಿಗುವ ಮಾತೇ ಇರಲಿಲ್ಲ.

ನೆರೆಯವರು ಏನು ಮಾಡಿದರು ನೋಡಿ. ಹಿಂದಿಯಲ್ಲಿ ಪ್ರತಿರಕ್ಷಿ, ತೆಲುಗಿನಲ್ಲಿ ಪ್ರತಿರಕ್ಷಕಂ. ಕೆಲಸ ನೋಡಿ ಇಟ್ಟ ಹೆಸರುಗಳು. ಮರಾಠಿ ಪ್ರತಿಪಿಂಡ ಎಂದಿತು. ತಮಿಳು 'ಪಿಱಪೊರುಳೆದಿರಿ' ಎಂದಿತು, ಪರವಸ್ತುವಿನ ವೈರಿ ಎಂದು ಒಂದೇ ಪದದಲ್ಲಿ ಇಡೀ ಪಾಠ ಹೇಳಿಬಿಟ್ಟಿತು. ಕನ್ನಡ ಮಾತ್ರ ಬಾಡಿಯನ್ನು ಕಚ್ಚಿ ಹಿಡಿಯಿತು. ಇದು ಪದಕ್ಕೆ ಪದ ಇಟ್ಟ ಸೋಮಾರಿ ಅನುವಾದ, ವಸ್ತುವಿಗೆ ಕಾಯವೆಲ್ಲಿಂದ ಬಂತು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ನಾನು ಪ್ರತಿಕಾಯದ ಪರ. ಏಕೆಂದರೆ ಅನುವಾದಕರು ಗೊತ್ತಿದ್ದೋ ಗೊತ್ತಿಲ್ಲದೆಯೋ ಕೈ ಹಾಕಿದ್ದು ಸಾವಿರ ವರ್ಷ ದಾಟಿದ ಹಳೆಯ ಪದಕ್ಕೆ. ಅದರ ಹಳೆಯ ಅರ್ಥಗಳು ಎರ್ಲಿಖನ ಅರ್ಥಕ್ಕಿಂತ ಆ ಪ್ರೋಟೀನಿಗೆ ಹೆಚ್ಚು ಒಪ್ಪುತ್ತವೆ.

ಮೊದಲು 'ಕಾಯ'. ಸಂಸ್ಕೃತದಲ್ಲಿ ಮೈಗೆ ಪದಗಳಿಗೆ ಬರವಿಲ್ಲ. ಶರೀರವೆಂದರೆ ಶೀರ್ಣವಾಗುವಂಥದ್ದು, ಸವೆಯುವಂಥದ್ದು. ದೇಹಕ್ಕೆ ಬೆಳೆಯುವುದು, ಮೆತ್ತುವುದು ಎಂಬ ಧಾತು. ಕಾಯ ಹುಟ್ಟಿದ್ದು 'ಚಿ' ಧಾತುವಿನಿಂದ: ಒಟ್ಟುಗೂಡಿಸು, ಪೇರಿಸು. ಯಜ್ಞಕ್ಕೆ ಇಟ್ಟಿಗೆ ಪೇರಿಸುವುದು ಚಯನ, ಹೆಣಕ್ಕೆ ಕಟ್ಟಿಗೆ ಪೇರಿಸಿದ್ದು ಚಿತೆ, ಅದೇ ಮನೆಯ ಕೂಸು ಕಾಯ. ಮನೆ, ಚಿತಿ, ಶರೀರ, ರಾಶಿ ಎಂಬ ಅರ್ಥಗಳಲ್ಲಿ ಚಕಾರ ಕಕಾರವಾಗುತ್ತದೆ ಎಂದು ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಬರೆದಿದ್ದಾನೆ. ನಿಕಾಯ ಎಂದರೆ ಗುಂಪು. ಬುದ್ಧನ ಉಪದೇಶಗಳ ಸಂಗ್ರಹಗಳೂ ನಿಕಾಯಗಳೇ. ಹೀಗೆ ಮೂಲದಲ್ಲಿ ಕಾಯ ಎಂಬುದು ಮಾಂಸದ ಮುದ್ದೆಯಲ್ಲ, ಬಿಡಿಬಿಡಿಯಾದವು ಒಟ್ಟಾಗಿ ನಿಂತದ್ದು. ಎರ್ಲಿಖನ ಕ್ಯೋರ್ಪರಿಗೆ ಇದು ಅಷ್ಟು ದೂರವೂ ಅಲ್ಲ.

ಬಿಜೈಯಿಂದ ಮೇಲಕ್ಕೆ ಏರಿದರೆ ಕದ್ರಿ. ಈ ಪದ ಅಲ್ಲಿ ಬಹಳ ಕಾಲ ವಾಸ ಮಾಡಿದೆ. ಅಲ್ಲಿನ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪರ ಕುಂದವರ್ಮ ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ವಿಹಾರವೆಂದ ಮೇಲೆ ಬೌದ್ಧರ ಮೂರು ಕಾಯಗಳ ಮಾತು ಅಲ್ಲಿ ನಡೆದಿರಲೇಬೇಕು: ಧರ್ಮಕಾಯ, ಸಂಭೋಗಕಾಯ, ನಿರ್ಮಾಣಕಾಯ. ಆಮೇಲೆ ಬಂದ ನಾಥಪಂಥದ ಜೋಗಿಗಳಿಗೆ ಕಾಯವೇ ಸಾಧನೆಯ ಸಾಮಗ್ರಿ, ಮೈಯನ್ನು ಮಾಗಿಸಿ ಮುಪ್ಪಿಲ್ಲದ್ದನ್ನಾಗಿ ಮಾಡುವ ಕಾಯಸಿದ್ಧಿ ಅವರ ಗುರಿ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಡೆದು ಬರುವ ಜೋಗಿಗಳ ಝುಂಡಿ ಇಂದಿಗೂ ಕದ್ರಿಯ ಮಠಕ್ಕೆ ಹೊಸ ಅರಸನನ್ನು ಕೂರಿಸಿ ಹೋಗುತ್ತದೆ. ಘಟ್ಟದ ಮೇಲೆ ಹನ್ನೆರಡನೆಯ ಶತಮಾನದ ಶರಣರು ಇದೇ ಕಾಯಕ್ಕೆ ಒಂದು ಅಕ್ಷರ ಸೇರಿಸಿ ಕಾಯಕ ಮಾಡಿದರು. ಮೈಮುರಿದು ದುಡಿಯುವುದಕ್ಕೆ ಅಂಥ ಗೌರವದ ಹೆಸರು ಬೇರೆ ಯಾವ ಭಾಷೆಯಲ್ಲಿ ಸಿಕ್ಕೀತು? ತುಳುನಾಡಿನ ದೈವಗಳ ಕತೆಯಲ್ಲಿ ವೀರರು ಸಾಯುವುದಿಲ್ಲ, ಕಾಯ ಬಿಟ್ಟು ಮಾಯ ಸೇರುತ್ತಾರೆ. ತಾಳಮದ್ದಳೆಯ ಅತಿಕಾಯನಂತೂ ಹೆಸರಲ್ಲೇ ಕಾಯ ಹೊತ್ತವನು. 'ಅತಿಕಾಯ ಮೋಕ್ಷ'ದಲ್ಲಿ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಬೆಳಗಿನ ತನಕವೂ ಆ ಕಾಯ ಬೀಳುವುದಿಲ್ಲ.

ಕಾಯದ ಸುತ್ತ ಸುಳ್ಳು ನಂಟರೂ ಕೂಡಿದ್ದಾರೆ. ಕಾಯಂ ನೌಕರಿಯ ಕಾಯಂ ಅರಬ್ಬಿಯಿಂದ ಬಂದದ್ದು, ಕಾಯಿದೆಯೂ ಅಲ್ಲಿಯದೇ. ತೆಂಗಿನ ಕಾಯಿ, ದನ ಕಾಯುವುದು, ನೀರು ಕಾಯುವುದು ಎಲ್ಲ ನಮ್ಮ ದ್ರಾವಿಡದ ಸೊತ್ತು. ಕಿವಿಗೆ ಒಂದೇ ಕೇಳಿದರೂ ರಕ್ತಸಂಬಂಧವಿಲ್ಲ.

ಇನ್ನು 'ಪ್ರತಿ'. ಇದರಷ್ಟು ಇಬ್ಬಗೆಯ ಉಪಸರ್ಗ ಇನ್ನೊಂದಿಲ್ಲ. ಪ್ರತಿಸ್ಪರ್ಧಿ, ಪ್ರತಿವಾದಿ, ಪ್ರತಿನಾಯಕ ಎನ್ನುವಾಗ ಅದು ಎದುರು ನಿಲ್ಲುತ್ತದೆ. ಪ್ರತಿಬಿಂಬ, ಪ್ರತಿಧ್ವನಿ, ಪ್ರತಿಮೆ ಎನ್ನುವಾಗ ಪಕ್ಕದಲ್ಲೇ ನಿಂತು ನಕಲು ಮಾಡುತ್ತದೆ. ಪ್ರತಿನಿಧಿ ಎಂಬಲ್ಲಿ ಇನ್ನೊಬ್ಬರ ಜಾಗದಲ್ಲಿ ಕೂರುತ್ತದೆ, ಪ್ರತಿಫಲ ಎಂಬಲ್ಲಿ ಕೊಟ್ಟದ್ದಕ್ಕೆ ಸರಿಯಾಗಿ ತಿರುಗಿ ಕೊಡುತ್ತದೆ. ಬದಲಿಯಾಗಿ ನಿಲ್ಲುವುದು, ತಿರುಗಿ ಕೊಡುವುದು ಎರಡನ್ನೂ ಪಾಣಿನಿಯೇ ಒಂದು ಸೂತ್ರದಲ್ಲಿ ಕಟ್ಟಿಟ್ಟಿದ್ದಾನೆ. ಗ್ರಂಥ ಸಂಪಾದಕರಿಗಂತೂ 'ಪ್ರತಿ' ಉಪಸರ್ಗವೇ ಅಲ್ಲ, ಓಲೆಗರಿಯ ಕಟ್ಟು: ಹಸ್ತಪ್ರತಿ, ಮೂಡಬಿದಿರೆಯ ಪ್ರತಿ, 'ಪ್ರತಿ ಮಾಡಿದವನು ಇಂಥವನು' ಎಂಬ ಕೊನೆಯ ಒಕ್ಕಣೆ.

ಪ್ರತಿಮೆಯ ಅರ್ಥದ 'ಪ್ರತಿ'ಗೆ ಬಿಜೈಯಲ್ಲೇ ಒಂದು ಮನೆಯಿದೆ. ವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಾಜ್‌ಕರ್ ತಾಯಿಯ ನೆನಪಿಗೆಂದು ಬಿಟ್ಟುಕೊಟ್ಟ ಹಡಗಿನಾಕಾರದ ಬಂಗಲೆಯಲ್ಲಿ 1960ರಿಂದ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಅಲ್ಲಿರುವ ಕಲ್ಲಿನ ಪ್ರತಿಮೆಗಳು ಯಾರಿಗೂ ಎದುರಾಳಿಗಳಲ್ಲ.

ಪ್ರತಿ ಪ್ರಾಕೃತದಲ್ಲಿ ಸವೆದು 'ಪಡಿ' ಆಯಿತು, ಹಾಗೆಯೇ ಕನ್ನಡಕ್ಕೂ ಇಳಿಯಿತು. ಪಡಿನೆಳಲು, ಪಡಿಮಾತು, ಪಡಿಯಚ್ಚು. 'ಮಗಳು ಅಮ್ಮನ ಪಡಿಯಚ್ಚು' ಎನ್ನುತ್ತೇವಲ್ಲ, ಆ ಅಚ್ಚಿನಲ್ಲಿ ವೈರವಿಲ್ಲ, ಬರೀ ಹೋಲಿಕೆ. ನಮ್ಮದೇ 'ಎದುರು' ಎಂಬ ಪದಕ್ಕೂ ಈ ಚಾಳಿ ಇದೆ. ಎದುರಾಳಿ, ಎದುರುತ್ತರ ಎಂಬಲ್ಲಿ ಜಗಳ. ಎದುರುಗೊಳ್ಳುವುದು ಎಂದರೆ ದಿಬ್ಬಣವನ್ನು ಆರತಿ ಹಿಡಿದು ಬರಮಾಡಿಕೊಳ್ಳುವುದು. ಅಚ್ಚಗನ್ನಡದ ಹಟವಾದಿಗಳು ಆಂಟಿಬಾಡಿಗೆ 'ಎದುರೊಡಲು' ಎಂದಿದ್ದರೂ ನನ್ನ ತಕರಾರಿರುತ್ತಿರಲಿಲ್ಲ.

ಈಗ ಎರಡನ್ನೂ ಕೂಡಿಸಿ. ಸಂಸ್ಕೃತ ನಿಘಂಟುಗಳು 'ಪ್ರತಿಕಾಯ'ಕ್ಕೆ ಮೂರು ಅರ್ಥ ಕೊಡುತ್ತವೆ: ಪ್ರತಿರೂಪ ಅಥವಾ ಪ್ರತಿಮೆ, ಎದುರಾಳಿ, ಬಾಣದ ಗುರಿ. ಎದುರಾಳಿ ಎಂಬ ಅರ್ಥಕ್ಕೆ ಆಧಾರವಾಗಿ ಭಾರವಿಯ ಕಿರಾತಾರ್ಜುನೀಯದ ಹದಿಮೂರನೆಯ ಸರ್ಗಕ್ಕೆ ಕೈ ತೋರಿಸುತ್ತವೆ. ಭಾರವಿ ನಮಗೆ ಹೊರಗಿನವನಲ್ಲ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ಶಾಸನ ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಗಂಗದೊರೆ ದುರ್ವಿನೀತ ಟೀಕೆ ಬರೆದನೆಂದು ಗಂಗರ ತಾಮ್ರಶಾಸನಗಳು ಹೇಳುತ್ತವೆ. ಹದಿಮೂರನೆಯ ಸರ್ಗವೋ, ಹಂದಿಯದು. ತಪಸ್ಸಿಗೆ ಕೂತ ಅರ್ಜುನನ ಮೇಲೆ ಮೂಕನೆಂಬ ದಾನವ ಹಂದಿಯಾಗಿ ನುಗ್ಗುತ್ತಾನೆ, ಅರ್ಜುನನೂ ಕಿರಾತವೇಷದ ಶಿವನೂ ಒಟ್ಟಿಗೆ ಬಾಣ ಬಿಡುತ್ತಾರೆ, ಹಂದಿ ಸಾಯುತ್ತದೆ, ಬಾಣ ಯಾರದೆಂದು ಜಗಳ ಹತ್ತುತ್ತದೆ. ಯಕ್ಷಗಾನ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಪ್ರತಿರೂಪ, ಎದುರಾಳಿ, ಗುರಿ. ಪ್ರಯೋಗಾಲಯದ ಪ್ರತಿಕಾಯದಲ್ಲಿ ಈ ಮೂರೂ ಇವೆ ಎಂಬುದೇ ನನ್ನ ವಾದ. ಅದಕ್ಕೆ ಎನ್‌ಕ್ಯಾಮ್‌ನ ಕತೆಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಕತೆಯ ಮುಖ್ಯ ಪಾತ್ರಧಾರಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆರಾಲ್ಡ್ ಎಡೆಲ್ಮನ್. ಪ್ರತಿಕಾಯ ಹೇಗೆ ಕಟ್ಟಿಕೊಂಡಿದೆ ಎಂದು ಬಿಡಿಸಿದ್ದಕ್ಕೆ ಆತನಿಗೂ ಇಂಗ್ಲೆಂಡಿನ ರಾಡ್ನಿ ಪೋರ್ಟರ್‌ಗೂ 1972ರಲ್ಲಿ ನೊಬೆಲ್ ಬಂತು. ಎರಡು ಭಾರದ ಸರಪಣಿ, ಎರಡು ಹಗುರದ ಸರಪಣಿ, ಒಟ್ಟು ಆಕಾರ ಇಂಗ್ಲಿಷಿನ ವೈ ಅಕ್ಷರದ್ದು, ತೋಳುಗಳ ತುದಿಯಲ್ಲಿ ಗುರಿಯನ್ನು ಹಿಡಿಯುವ ಜಾಗ. ಪೋರ್ಟರ್ 1959ರಲ್ಲಿ ಮೊಲದ ಪ್ರತಿಕಾಯವನ್ನು ಮೂರು ತುಂಡು ಮಾಡಿದ್ದು ಪಪೇನ್ ಎಂಬ ಕಿಣ್ವದಿಂದ. ಪಪೇನ್ ಇರುವುದು ಪಪ್ಪಾಯಿಯ ಹಾಲಿನಲ್ಲಿ. ಬಿಜೈಯ ಹಿತ್ತಿಲುಗಳಲ್ಲಿ ಬಪ್ಪಂಗಾಯಿ ಎಂದು ಕರೆಸಿಕೊಳ್ಳುವ ಅದೇ ಗಿಡ. ಮಾಂಸ ಬೇಗ ಬೇಯಲೆಂದು ಹಸಿ ಬಪ್ಪಂಗಾಯಿಯ ಚೂರು ಹಾಕುವ ಹೆಂಗಸರಿಗೆ ಆ ಹಾಲಿನ ಕತ್ತರಿ ಹೊಸದೇನಲ್ಲ. ಅಂತೂ ಪ್ರತಿಕಾಯದ ಒಳಗುಟ್ಟು ತೆರೆದದ್ದು ಒಂದು ಕಾಯ್!

ನೊಬೆಲ್ ಬಂದ ಮೇಲೆ ಎಡೆಲ್ಮನ್ ರಕ್ತ ಬಿಟ್ಟು ಮಿದುಳಿಗೆ ಹೊರಳಿದ. ಭ್ರೂಣದಲ್ಲಿ ನರಕೋಶಗಳು ತಮ್ಮತಮ್ಮವರನ್ನು ಹುಡುಕಿ ಅಂಟಿಕೊಳ್ಳುವುದು ಹೇಗೆ ಎಂಬುದು ಆಗಿನ ಪ್ರಶ್ನೆ. ಆತ ಹಳೆಯ ಆಯುಧವನ್ನೇ ಎತ್ತಿಕೊಂಡ. ಕೋಳಿಮರಿಯ ಭ್ರೂಣದ ಕಣ್ಣಿನ ರೆಟಿನಾದ ಕೋಶಗಳನ್ನು ಮೊಲಕ್ಕೆ ಚುಚ್ಚಿ ಪ್ರತಿಕಾಯ ಹುಟ್ಟಿಸಿದರು. ಆ ಪ್ರತಿಕಾಯಗಳಲ್ಲಿ ಕೆಲವಾದರೂ ಅಂಟಿನ ವಸ್ತುವನ್ನು ಮುಚ್ಚಿ ಕೋಶಗಳು ಕೂಡಿಕೊಳ್ಳದಂತೆ ಮಾಡಬೇಕು. ಇಲ್ಲೊಂದು ತೊಡಕು: ಇಡೀ ಪ್ರತಿಕಾಯಕ್ಕೆ ಎರಡು ತೋಳು. ಒಂದು ತೋಳಿಂದ ಈ ಕೋಶವನ್ನೂ ಇನ್ನೊಂದರಿಂದ ಆ ಕೋಶವನ್ನೂ ಹಿಡಿದರೆ ಬಿಡಿಸಲು ಬಂದವನೇ ಕೂಡಿಸಿದ ಹಾಗಾಯಿತು. ಆದ್ದರಿಂದ ಒಂಟಿ ತೋಳಿನ ತುಂಡುಗಳನ್ನು ಮಾಡಿ ಹಾಕಿದರು. ಅಂಟುವುದು ನಿಂತಿತು. ಆಮೇಲೆ ಕೋಶದ ಮೈಯಿಂದ ಒಂದೊಂದೇ ಪ್ರೋಟೀನು ತೆಗೆದು ಆ ತುಂಡುಗಳಿಗೆ ಉಣಿಸಿ ನೋಡಿದರು. ಯಾವುದು ಅವುಗಳ ಬಾಯಿ ಮುಚ್ಚಿಸಿ ಕೋಶಗಳು ಮತ್ತೆ ಅಂಟುವಂತೆ ಮಾಡಿತೋ, ಅದೇ ಅಂಟು. 1977ರಲ್ಲಿ ಎಡೆಲ್ಮನ್, ತಿಯೆರಿ, ಬ್ರ್ಯಾಕನ್‌ಬರಿ, ರೂಟಿಸ್‌ಹೌಸರ್ ಅದನ್ನು ಜಗತ್ತಿಗೆ ಹೇಳಿದರು. ಮುಂದೆ ಎನ್‌ಕ್ಯಾಮ್ ಎಂಬ ಹೆಸರು ಬಿತ್ತು.

ಹೀಗೆ ಪ್ರತಿಕಾಯ ಇಲ್ಲಿ ಹುಡುಕುವ ಸಾಧನ ಮಾತ್ರವಲ್ಲ. ಗುರಿ ಯಾವುದೆಂದು ಗೊತ್ತಾಗುವ ಮೊದಲೇ ಬಾಣ ಕೈಯಲ್ಲಿತ್ತು. ಅದು ಎಲ್ಲಿ ನೆಟ್ಟಿತೋ ಅದಕ್ಕೆ ಗುರಿ ಎಂದು ಹೆಸರಿಟ್ಟರು. ಅದೇ ಗುರಿಗೆ ಬೇರೆಯವರ ಬಾಣಗಳೂ ನೆಟ್ಟಿದ್ದವು. ಡೆನ್ಮಾರ್ಕಿನ ಯೋರ್ಗನ್‌ಸನ್ ಮತ್ತು ಬಾಕ್ 1974ರಲ್ಲಿಯೇ ಮಿದುಳಿನ ಪ್ರೋಟೀನೊಂದನ್ನು ತಮ್ಮ ಪ್ರತಿಕಾಯದಿಂದ ಗುರುತಿಸಿ ಡಿ2 ಎಂದಿದ್ದರು. ರಕ್ತದ ವಿಜ್ಞಾನಿಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಒಂದು ಜಾತಿಯ ಬಿಳಿರಕ್ತಕಣದ ಮೇಲಿನ ಗುರುತಿಗೆ ಲ್ಯೂ-19 ಎಂದರು. 1989ರಲ್ಲಿ ನೋಡಿದರೆ ಎಲ್ಲವೂ ಒಂದೇ ಎನ್‌ಕ್ಯಾಮ್. ಮಿದುಳಿನವರೂ ರಕ್ತದವರೂ ಎರಡು ಬಾಣ ಹಿಡಿದು ಒಂದೇ ಹಂದಿಯ ಹತ್ತಿರ ಬಂದು ನಿಂತಿದ್ದರು. ಪುಣ್ಯಕ್ಕೆ ಕಾಳಗವಾಗಲಿಲ್ಲ.

ಸಿಡಿ56 ಎಂಬ ನಂಬರಿನ ಹಿಂದೆಯೂ ಪ್ರತಿಕಾಯಗಳ ಕತೆಯೇ ಇದೆ. ಕೆಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಇಲಿಯ ಗುಲ್ಮದ ಕೋಶವನ್ನು ಸಾಯದ ಗಡ್ಡೆಯ ಕೋಶಕ್ಕೆ ಬೆಸೆದು, ಒಂದೇ ಥರದ ಪ್ರತಿಕಾಯವನ್ನು ಬೇಕಾದಷ್ಟು ಹುಟ್ಟಿಸುವ ದಾರಿ ತೋರಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಎಲ್ಲರೂ ಮಾಡತೊಡಗಿದರು. ಒಂದೇ ಪ್ರೋಟೀನಿಗೆ ಹತ್ತು ಪ್ರಯೋಗಾಲಯ, ಹತ್ತು ಪ್ರತಿಕಾಯ, ಹತ್ತು ಹೆಸರು. ಗೊಂದಲ ತಾಳಲಾರದೆ 1982ರಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿ, ಒಂದೇ ರೀತಿ ವರ್ತಿಸುವ ಪ್ರತಿಕಾಯಗಳನ್ನು ಗುಂಪು ಮಾಡಿ ಗುಂಪಿಗೊಂದು ನಂಬರು ಕೊಡುವ ಕ್ರಮ ಹುಟ್ಟಿತು. ಸಿಡಿ ಎಂಬುದರ ಮೊದಲಕ್ಷರ ಗುಂಪು ಎಂಬುದಕ್ಕೇ ಸಲ್ಲುತ್ತದೆ. ಪಾಣಿನಿಯ ಕೈಯಲ್ಲಾದರೆ ಇದು ಸರಿಯಾಗಿ ನಿಕಾಯ. ಬೇಟೆಗಾರರ ಗುಂಪಿಗೆ ಕೊಟ್ಟ ನಂಬರು ಬೇಟೆಗೇ ಅಂಟಿಕೊಂಡಿತು!

ರಿಪೋರ್ಟಿನ ಹಿಂದೆ ನಡೆಯುವ ಕೆಲಸವನ್ನೂ ಸ್ವಲ್ಪ ನೋಡಬೇಕು. ಮೇಣದ ಬ್ಲಾಕಿನಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರ ಸೀಳಿ ಗಾಜಿನ ಸ್ಲೈಡಿಗೆ ಹತ್ತಿಸುತ್ತಾರೆ. ಫಾರ್ಮಲಿನ್ನಿನಲ್ಲಿ ಬಿಗಿದುಕೊಂಡ ಪ್ರೋಟೀನು ಸಡಿಲವಾಗಲೆಂದು ದ್ರಾವಣದಲ್ಲಿ ಬೇಯಿಸುತ್ತಾರೆ. ಎಷ್ಟೋ ಲ್ಯಾಬುಗಳಲ್ಲಿ ಇದಕ್ಕೆ ಪ್ರೆಶರ್ ಕುಕ್ಕರೇ ಗತಿ, ಅನ್ನದ ಕುಕ್ಕರಿಗೂ ಇದಕ್ಕೂ ಭೇದವಿಲ್ಲ. ಆಮೇಲೆ ಸಿಡಿ56ರ ಪ್ರತಿಕಾಯ. ಬಹಳ ಕಡೆ ಬಳಸುವುದು 123ಸಿ3 ಎಂಬ ಇಲಿಯ ಪ್ರತಿಕಾಯ, ಅದನ್ನು ಹುಟ್ಟಿಸಿದ್ದೇ ಸ್ಮಾಲ್ ಸೆಲ್ ಕ್ಯಾನ್ಸರಿನ ಕೋಶಪೊರೆಯನ್ನು ಇಲಿಗೆ ಚುಚ್ಚಿ. ಅದು ಹೋಗಿ ಕೂತರೂ ಕಣ್ಣಿಗೇನೂ ಕಾಣುವುದಿಲ್ಲ. ಅದನ್ನು ಹಿಡಿಯಲು ಇನ್ನೊಂದು ಪ್ರತಿಕಾಯ, ಇಲಿಯ ಪ್ರತಿಕಾಯದ ವಿರುದ್ಧವೇ ಹುಟ್ಟಿಸಿದ್ದು. ಅದರ ಬೆನ್ನಿಗೆ ಖಾರಮೂಲಂಗಿಯಂಥ ಒಂದು ಗಡ್ಡೆಯಿಂದ ತೆಗೆದ ಕಿಣ್ವ ಕಟ್ಟಿರುತ್ತಾರೆ. ಮೇಲೆ ಬಣ್ಣದ ದ್ರಾವಣ ಹನಿಸಿದರೆ ಕಿಣ್ವ ಇರುವಲ್ಲೆಲ್ಲ ಕಂದು. ಕೋಶಗಳ ಅಂಚಿಗೆ ಕಂದು ಗೆರೆ ಮೂಡಿದರೆ ಪೆಥಾಲಜಿಸ್ಟ್ 'ಪಾಸಿಟಿವ್' ಎಂದು ಬರೆಯುತ್ತಾರೆ.

ಈ ಕೆಲಸದಲ್ಲಿ ಪ್ರತಿಕಾಯ ಯಾರ ವೈರಿಯೂ ಅಲ್ಲ. ಅದು ಕೊಲ್ಲುವುದಿಲ್ಲ, ಅಡಗಿಸುವುದೂ ಇಲ್ಲ, ಹೋಗಿ ಪಕ್ಕದಲ್ಲಿ ನಿಂತು 'ಇಲ್ಲಿದ್ದಾನೆ' ಎನ್ನುತ್ತದೆ. ಪ್ರತಿನಿಧಿಯ 'ಪ್ರತಿ' ಇದು, ಪ್ರತಿಸ್ಪರ್ಧಿಯದಲ್ಲ. ಹಿಂದಿಯ ಪ್ರತಿರಕ್ಷಿ, ತಮಿಳಿನ ಎದಿರಿ ಇಲ್ಲಿ ಸ್ವಲ್ಪ ಮುಗ್ಗರಿಸುತ್ತವೆ. ಸತ್ತ ಅಂಗಾಂಶದ ಮೇಲೆ ಯಾರನ್ನು ರಕ್ಷಿಸುವುದು, ಯಾರನ್ನು ಎದುರಿಸುವುದು? ಜತೆಗೆ ಪ್ರತಿನಿಧಿ ಸುಳ್ಳು ಹೇಳುವುದೂ ಉಂಟು. ಪ್ರತಿಕಾಯ ತಪ್ಪು ಪ್ರೋಟೀನಿನ ಮೇಲೆ ಕೂತದ್ದರಿಂದ ಎಷ್ಟೋ ಸಂಶೋಧನೆಗಳು ಮತ್ತೆ ಮಾಡಿದಾಗ ನಿಲ್ಲಲಿಲ್ಲ ಎಂಬ ದೂರು 2015ರ ಸುಮಾರಿಗೆ ನೇಚರ್ ಪತ್ರಿಕೆಯಲ್ಲೇ ಜೋರಾಗಿ ಎದ್ದಿತು. ಎನ್‌ಕ್ಯಾಮ್ ಬೇರೆ ಬೇರೆ ಗಡ್ಡೆಗಳಲ್ಲೂ ಸಿಗುವುದರಿಂದ ಸಿಡಿ56 ಒಂದನ್ನೇ ನಂಬಿ ಯಾರೂ ರೋಗದ ಹೆಸರು ಹೇಳುವುದಿಲ್ಲ. ಸಿನಾಪ್ಟೊಫೈಸಿನ್, ಕ್ರೊಮೊಗ್ರಾನಿನ್ ಎಂಬ ಇನ್ನೆರಡು ಸಾಕ್ಷಿಗಳನ್ನೂ ಕೂಗುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ನಾಲ್ಕೈದು ಸಾಲು ಇರುವುದು ಅದಕ್ಕೇ.

ಇನ್ನು ಪ್ರತಿರೂಪದ ಅರ್ಥ. ಎನ್‌ಕ್ಯಾಮ್ ಭ್ರೂಣದಲ್ಲಿ ಇರುವಾಗ ಅದರ ಮೈಮೇಲೆ ಪಾಲಿಸಿಯಾಲಿಕ್ ಆಮ್ಲ ಎಂಬ ಉದ್ದದ ಸಕ್ಕರೆ ಸರಪಣಿಗಳಿರುತ್ತವೆ. ಅವು ಒಂದನ್ನೊಂದು ದೂರ ತಳ್ಳಿ ಅಂಟನ್ನು ಸಡಿಲ ಮಾಡುತ್ತವೆ, ಎಳೆಯ ನರಕೋಶಗಳು ಓಡಾಡಿಕೊಂಡು ಜಾಗ ಸೇರಲು ಅವಕಾಶ ಕೊಡುತ್ತವೆ. ದೊಡ್ಡವರ ಮಿದುಳಿನಲ್ಲಿ ಅವು ಬಹಳ ಕಡಿಮೆ, ನೆನಪಿನ ಕೆಲಸ ನಡೆಯುವ ಹಿಪೊಕ್ಯಾಂಪಸ್ಸಿನಂಥ ಕಡೆ ಮಾತ್ರ ಉಳಿಯುತ್ತವೆ. ಸೋಜಿಗವೆಂದರೆ ಮಿದುಳಿನ ಪೊರೆಗೆ ಉರಿಯೂತ ತರುವ ಮೆನಿಂಜೊಕಾಕಸ್ ಬಿ ಎಂಬ ಬ್ಯಾಕ್ಟೀರಿಯಾ ಹೊದ್ದುಕೊಂಡಿರುವುದೂ ಇದೇ ಸಕ್ಕರೆ. ಒಂದಿಷ್ಟೂ ವ್ಯತ್ಯಾಸವಿಲ್ಲ. ಕಳ್ಳ ಮನೆಯವರ ವೇಷದಲ್ಲಿ ಬಂದಿರುವಾಗ ಆ ಸಕ್ಕರೆಯ ವಿರುದ್ಧ ಮೈ ಸರಿಯಾದ ಪ್ರತಿಕಾಯ ಮಾಡುವುದೇ ಇಲ್ಲ, ಮಾಡಿದರೆ ತನ್ನ ಮಿದುಳಿಗೇ ಪೆಟ್ಟು. ಆ ಬ್ಯಾಕ್ಟೀರಿಯಾಕ್ಕೆ ಲಸಿಕೆ ಮಾಡುವವರು ಅದರ ಹೊದಿಕೆ ಬಿಟ್ಟು ಬೇರೆ ಪ್ರೋಟೀನು ಹುಡುಕಬೇಕಾದದ್ದು ಹಾಗೆ.

ಜರ್ಮನಿಯ ಫ್ರಾಷ್ ಮತ್ತು ಸಂಗಡಿಗರು 1985ರಲ್ಲಿ ಒಂದು ಉಪಾಯ ಮಾಡಿದರು. ತನ್ನ ಮೈಯನ್ನೇ ಹೊಡೆಯುವ ದೋಷವಿರುವ ಎನ್‌ಝಡ್‌ಬಿ ತಳಿಯ ಇಲಿಗೆ ಬ್ಯಾಕ್ಟೀರಿಯಾ ಚುಚ್ಚಿದರು. ತನ್ನವರು ಪರರು ಎಂಬ ವಿವೇಕ ಕೆಟ್ಟ ಆ ಇಲಿ, ಸರಿಯಾದ ಇಲಿ ಮಾಡದ ಪ್ರತಿಕಾಯವನ್ನು ಮಾಡಿತು. 735 ಎಂಬ ನಂಬರಿನ ಆ ಪ್ರತಿಕಾಯ ಹುಟ್ಟಿದ್ದು ರೋಗಾಣುವಿಗಾಗಿ. ಅದರ ಕೆಲಸ ಮಾತ್ರ ಮಿದುಳಿನಲ್ಲಿ: ಎಳೆಯ ನರಕೋಶಗಳ ಎನ್‌ಕ್ಯಾಮನ್ನು ತೋರಿಸಲು ನರವಿಜ್ಞಾನಿಗಳು ಅದನ್ನೇ ಹಚ್ಚುತ್ತಾರೆ.

ಪ್ರತಿರೂಪದ ಮಾತನ್ನು ಇನ್ನೂ ಮುಂದಕ್ಕೆ ಒಯ್ದವನು ನೀಲ್ಸ್ ಯೆರ್ನೆ. ಕೋಹ್ಲರ್ ಮಿಲ್‌ಸ್ಟೈನರ ಜತೆ 1984ರ ನೊಬೆಲ್ ಹಂಚಿಕೊಂಡವನು. 1974ರಲ್ಲಿ ಆತ ಹೇಳಿದ್ದು: ಒಂದು ಪ್ರತಿಕಾಯದ ಹಿಡಿಯುವ ತುದಿಗೇ ಮೈಯಲ್ಲಿ ಇನ್ನೊಂದು ಪ್ರತಿಕಾಯ ಹುಟ್ಟಬಹುದು. ಅಚ್ಚಿಗೆ ಅಚ್ಚು ಒತ್ತಿದಾಗ ಮೂಲ ಮೂರ್ತಿ ಮರಳಿ ಬರುತ್ತದಲ್ಲ, ಹಾಗೆ ಈ ಎರಡನೆಯದು ಕೆಲವೊಮ್ಮೆ ಮೊದಲ ಗುರಿಯನ್ನೇ ಹೋಲುತ್ತದೆ. ಆತ ಅದನ್ನು ಒಳಗಿನ ಬಿಂಬ ಎಂದ. ಎದುರಾಳಿಯ ಎದುರಾಳಿ ಗುರಿಯ ಪ್ರತಿಮೆ! ಸಂಸ್ಕೃತ ನಿಘಂಟಿನಲ್ಲಿ ಅರ್ಥಗಳೆಂದು ಬೇರೆ ಬೇರೆ ನಂಬರು ಹಾಕಿದ ಮೂರನ್ನೂ ಯೆರ್ನೆ ಒಂದೇ ಸರಪಣಿ ಮಾಡಿದ. ಪ್ರತಿಕಾಯಕ್ಕೆ ಪ್ರತಿಕಾಯ ಹುಟ್ಟುತ್ತ ಹೋಗುವ ಜಾಲವಿದೆ ಎಂಬ ಆತನ ಇಡೀ ಸಿದ್ಧಾಂತ ಮೊದಲಿನ ಅಬ್ಬರದಲ್ಲಿ ಉಳಿಯಲಿಲ್ಲ. ಆದರೆ ಬಿಂಬದ ಪ್ರತಿಕಾಯಗಳು ನಿಜವಾಗಿ ಸಿಕ್ಕಿದವು.

ಇಷ್ಟರಲ್ಲೇ ಎಡೆಲ್ಮನ್ನನ ಗುಂಪಿಗೆ ಇನ್ನೊಂದು ವಿಸ್ಮಯ ಕಾದಿತ್ತು. 1987ರಲ್ಲಿ ಎನ್‌ಕ್ಯಾಮ್‌ನ ಅಮೈನೋ ಆಮ್ಲಗಳ ಸಾಲನ್ನು ಓದಿ ನೋಡಿದರೆ, ಹೊರಮೈಯಲ್ಲಿ ಐದು ಮಡಿಕೆಗಳು ಪ್ರತಿಕಾಯದ ಮಡಿಕೆಗಳ ಹಾಗೆಯೇ ಇವೆ. ಒಂದು ಜೀವಮಾನದಲ್ಲಿ ಒಬ್ಬನೇ ಬಿಡಿಸಿದ ಎರಡು ಒಗಟುಗಳು ಒಂದೇ ವಂಶದವು. ಯಾರು ಹಿರಿಯರು? ಹಣ್ಣುನೊಣಕ್ಕೂ ಮಿಡತೆಗೂ ಪ್ರತಿಕಾಯಗಳಿಲ್ಲ, ಆದರೆ ಎನ್‌ಕ್ಯಾಮ್‌ನ ನಂಟ ಫ್ಯಾಸಿಕ್ಲಿನ್-2 ಅವುಗಳ ನರಗಳಲ್ಲಿದೆ. ನಿಜವಾದ ಪ್ರತಿಕಾಯಗಳು ದವಡೆಯಿರುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಮಾತ್ರ. ಕೂಡಿಕೊಳ್ಳುವ ಅಣುಗಳಿಂದಲೇ ಕಾದಾಡುವ ಅಣುಗಳು ಹುಟ್ಟಿದವು ಎಂದು ಎಡೆಲ್ಮನ್ ಅದೇ ವರ್ಷ ವಾದಿಸಿದ. 'ನನ್ನವನು' ಎಂದು ಗುರುತಿಸಿ ಅಂಟಿಕೊಳ್ಳುವ ಕೈಯೇ ಮುಂದೆ 'ಪರಕೀಯ' ಎಂದು ಗುರುತಿಸಿ ಹಿಡಿಯುವ ಕೈಯಾಯಿತು. ಬ್ಲಾಕಿನ ಪದರದ ಮೇಲೆ 123ಸಿ3 ಹೋಗಿ ಎನ್‌ಕ್ಯಾಮಿಗೆ ಅಂಟುವಾಗ ನಡೆಯುವುದು ದೂರದ ದಾಯಾದಿಗಳ ಭೇಟಿ. ಎದುರಾಳಿಯೋ ಎದುರುಗೊಂಡವನೋ ಎಂದು ಕೇಳಿದರೆ ಕನ್ನಡದಲ್ಲಿ ಉತ್ತರ ಕಷ್ಟ, 'ಎದುರು' ಎರಡಕ್ಕೂ ಒಪ್ಪಿಕೊಂಡು ಕೂತಿದೆ.

ಪದಕ್ಕೆ ಹೊಸ ತಲೆನೋವೂ ಬಂದಿದೆ. 1993ರಲ್ಲಿ ಬ್ರಸೆಲ್ಸ್‌ನ ಹಮರ್ಸ್ ಮತ್ತು ಸಂಗಡಿಗರು ಒಂಟೆಯ ರಕ್ತದಲ್ಲಿ ಹಗುರದ ಸರಪಣಿಯೇ ಇಲ್ಲದ ಪ್ರತಿಕಾಯಗಳನ್ನು ಕಂಡರು. ಅವುಗಳ ಹಿಡಿಯುವ ತುದಿಯನ್ನಷ್ಟೇ ಕತ್ತರಿಸಿ ತೆಗೆದರೂ ಗುರಿ ಹಿಡಿಯುತ್ತದೆ. ತೂಕ ಮಾಮೂಲಿ ಪ್ರತಿಕಾಯದ ಹತ್ತನೇ ಒಂದು ಪಾಲು. ಉಳಿದವು ನುಗ್ಗಲಾಗದ ಪ್ರೋಟೀನಿನ ಸಂದಿಗಳಿಗೆ ಅದು ನುಗ್ಗುತ್ತದೆ. ಇಂಗ್ಲಿಷಿನಲ್ಲಿ ನ್ಯಾನೊಬಾಡಿ ಎಂದರು. ಕನ್ನಡದಲ್ಲಿ ಏನೆನ್ನೋಣ? 'ಸೂಕ್ಷ್ಮಕಾಯ' ಎಂದರೆ ಕದ್ರಿಯ ಜೋಗಿಗಳು ತಮ್ಮ ಸೊತ್ತೆಂದು ಬಂದಾರು. 'ಅತಿಸೂಕ್ಷ್ಮ ಏಕಸರಣಿ ಪ್ರತಿಕಾಯ' ಎಂದು ಯಾವುದಾದರೂ ಸಮಿತಿ ಖಂಡಿತ ಬರೆಯುತ್ತದೆ, ಆಗ ವಸ್ತುವಿಗಿಂತ ಹೆಸರೇ ಹತ್ತು ಪಾಲು ಭಾರ. ಕಾಯವನ್ನು ಕಳಚಿ ಬರೀ 'ಪಡಿ' ಎಂದುಬಿಡೋಣವೆಂದು ನನಗೆ ಆಸೆ. ತೊಂದರೆ ಒಂದೇ: ಹಳ್ಳಿಯ ಸೊಸೈಟಿಯಲ್ಲಿ ಯಾರಾದರೂ ಪಡಿ ಬಂತಾ ಎಂದು ಕೇಳಿದರೆ ಅಕ್ಕಿ ಅಳೆದು ಕೊಟ್ಟಾರು.